ನಾಮಾಂತರ ಮೀಮಾಂಸೆ, ಪಕ್ಷಿಸಂಚಾರ ಸಿದ್ಧಾಂತ ಸಹಿತ

ಇಂಗ್ಲಿಷಿನ ಹೆಸರು ಇಟಾಲಿಯನ್ನಿಗೂ ಇಟಾಲಿಯನ್ನಿನದು ಇಂಗ್ಲಿಷಿಗೂ ದಾಟುವಾಗ ದಾರಿಯಲ್ಲಿ ಬಿದ್ದುಹೋಗುವುದೇನು? ಏನೂ ಇಲ್ಲ, ಅರ್ಥ ಒಂದೇ ತಾನೆ ಎಂಬುದು ಪೂರ್ವಪಕ್ಷ. ಆಗಲಿ. ಜುಸೆಪ್ಪೆ ಎಂದರೆ ಜೋಸೆಫ್, ವೆರ್ದಿ ಎಂದರೆ ಹಸಿರು. ಅಲ್ಲಿಗೆ 1871ರಲ್ಲಿ ಕೈರೋದಲ್ಲಿ ಮೊದಲು ರಂಗವೇರಿದ 'ಐದಾ' ಒಪೆರಾದ ಕರ್ತೃ ಶ್ರೀಯುತ ಜೋ ಗ್ರೀನ್. ಜೋ ಗ್ರೀನ್ ಎಂಬಾತ ನಲ್ಲಿ ರಿಪೇರಿಗೆ ಬಂದಾನೇ ಹೊರತು ಒಪೆರಾ ಬರೆಯಲಾರ. ಕಾಸಾನೋವ ಎಂದರೆ ಹೊಸಮನೆ. ಧಾರವಾಡದ ಕಡೆ ನಾವು ಕಂಡ ಹೊಸಮನಿಯವರೆಲ್ಲ ಒಬ್ಬಳೇ ಹೆಂಡತಿಯ ಸದ್ಗೃಹಸ್ಥರು.

ಇನ್ನು ಸಿದ್ಧಾಂತ. ಜಾನ್ ಹಾಕ್‌ವುಡ್ ಎಂಬ ಇಂಗ್ಲಿಷ್ ಬಾಡಿಗೆ ದಂಡನಾಯಕ ಫ್ಲಾರೆನ್ಸ್ ನಗರಕ್ಕಾಗಿ ಕಾದಾಡಿ 1394ರಲ್ಲಿ ತೀರಿಕೊಂಡ. ಅವನ ಹೆಸರಿಗೆ ನಾಲಿಗೆ ತಿರುಗದ ಇಟಲಿಯವರು ಜೊವಾನ್ನಿ ಅಕೂತೊ ಎಂದರು. ಅಕೂತೊ ಎಂದರೆ ಚೂಪು. ಹಾಕ್ ಎಂಬ ಗಿಡುಗ ಹಾರಿತು, ವುಡ್ ಎಂಬ ಕಾಡು ಕಡಿಯಲ್ಪಟ್ಟಿತು, ಮೊನೆ ಮಾತ್ರ ಉಳಿಯಿತು. (ಅವನಿಗೆಂದು ಗೊತ್ತುಮಾಡಿದ್ದ ಅಮೃತಶಿಲೆಯ ಸ್ಮಾರಕವೂ ಕೊನೆಗೆ ಗೋಡೆಚಿತ್ರವಾಯಿತು, ಖರ್ಚು ಕಡಿಮೆ.) ಹಾರಿದ ಗಿಡುಗ ಎಲ್ಲಿ ಕೂತಿತು? 1436ರಲ್ಲಿ ಆ ಚಿತ್ರ ಬರೆದವನ ಅಡ್ಡಹೆಸರಿನಲ್ಲಿ. ಅವನು ಪಾವೊಲೊ ಉಚ್ಚೆಲ್ಲೊ. ಕನ್ನಡ ವಿದ್ವಾಂಸರು ಮುಖ ಗಂಭೀರವಾಗಿಟ್ಟುಕೊಂಡು ಓದತಕ್ಕದ್ದು: ಅದರ ಅರ್ಥ ಹಕ್ಕಿ. ಅನುವಾದದಲ್ಲಿ ಕಳೆದ ಹಕ್ಕಿ ನಾಶವಾಗದು, ಕೊಂಬೆ ಬದಲಿಸುತ್ತದೆ ಎಂದು ಇದರಿಂದ ಸಿದ್ಧವಾಯಿತು.

ದಿನಬಳಕೆಯ ಮಾತಿಗೆ ಬೇರೆ ಪ್ರಮಾಣ ಬೇಡ, ಸುಟ್ಟ ಕೈಯೇ ಸಾಕು. ನಲ್ಲಿಯ ಮೇಲಿನ 'ಕಾಲ್ದೊ' ಇಂಗ್ಲಿಷ್ ಕಿವಿಗೆ ತಣ್ಣೀರು, ಇಟಲಿಯಲ್ಲಿ ಬಿಸಿನೀರು. ರೋಮಿನಲ್ಲಿ 'ಲಾತ್ತೆ' ಕೇಳಿದವನ ಮುಂದೆ ಬರುವುದು ಬರೀ ಹಾಲು. ಇಲ್ಲಿ ಅದೇ ಪದಕ್ಕೆ ಕಾಫಿ ಬೆರೆಸಿ ಮುನ್ನೂರು ರೂಪಾಯಿ ಕೀಳುತ್ತಾರೆ. ಅಮೆರಿಕದ ಪೆಪ್ಪರೋನಿ ಮಾಂಸ, ಇಟಲಿಯ ಪೆಪೆರೋನಿ ದೊಣ್ಣೆ ಮೆಣಸಿನಕಾಯಿ. ಮಡಿವಂತ ಪ್ರವಾಸಿಗಳು ಯಾವ ದೇಶದಲ್ಲಿದ್ದೇವೆಂದು ಖಾತ್ರಿ ಮಾಡಿಕೊಂಡು ಬಾಯಿ ತೆರೆಯಬೇಕು.

ಒಂದು ಶಂಕೆ ಉಳಿಯಿತು. ಇಟಲಿಯ ಲಿವೊರ್ನೊ ಬಂದರನ್ನು ಇಂಗ್ಲಿಷರು ಲೆಗ್‌ಹಾರ್ನ್ ಎಂದು ಕರೆದರು. ಅಕ್ಷರಶಃ ಬಿಡಿಸಿದರೆ ಕಾಲುಕೊಂಬು. ಆ ಬಂದರಿನ ಹೆಸರು ಹೊತ್ತ ಬಿಳಿ ಕೋಳಿ ನಮ್ಮ ಕೋಳಿಫಾರಂಗಳಿಗೂ ಬಂದಿದೆ. ನಮ್ಮ ಹಕ್ಕಿ ಇಲ್ಲಿಗೇ ಹಾರಿ ಬಂದಿರಬೇಕೆಂದು ಹಿಗ್ಗಿ ಖುದ್ದಾಗಿ ಹೋಗಿ ಪರೀಕ್ಷಿಸಿದೆವು. ಕಾಲು ಎರಡಿವೆ. ಕೊಂಬಿಲ್ಲ.