ದೊರೆಸಾನಿಯನ್ನು ಹೊಲಿಯುವ ವಿಧಾನ

ಈ ಕೈಪಿಡಿ ರೋಣ, ನರಗುಂದ, ಗಜೇಂದ್ರಗಡ ಕಡೆಯ ಹವ್ಯಾಸಿ ನಾಟ್ಯಸಂಘಗಳ ಉಪಯೋಗಕ್ಕಾಗಿ. ಜಾತ್ರೆಗೆ ನರಗುಂದ ಬಂಡಾಯದ ನಾಟಕವೇ ಎಂದು ಗಟ್ಟಿಯಾಗಿದ್ದರೆ, ಬಾಬಾಸಾಹೇಬನ ಪಾತ್ರಕ್ಕೆ ಜಗಳ ಮುಗಿದಿದ್ದರೆ, ಕವಿಗಳು ಮ್ಯಾನ್ಸನ್ ಸಾಹೇಬನಿಗೊಬ್ಬ ಹೆಂಡತಿಯನ್ನು ಕಲ್ಪಿಸಿ ಆಕೆಗೆ ಎರಡು ಹಾಡು ಬರೆದಿದ್ದರೆ, ಮುಂದೆ ಓದಿ. "ಸುರೇಬಾನದಾಗ ಆ ರಾತ್ರಿ ದೊರೆಸಾನಿ ಎಲ್ಲಿದ್ಳು?" ಎಂದು ಕೇಳುವ ಮಾಸ್ತರರನ್ನು ತಾಲೀಮಿಗೆ ಕರೆಯಬೇಡಿ. ಅವರು ಕೇಳುವುದು ಸರಿಯೇ. ಆದರೆ ಹಾಡು ಈಗಾಗಲೇ ಬರೆದಾಗಿದೆ.

ಮೊದಲು ಇಸವಿ

ಅಂಗಡಿಗೆ ಹೋಗುವ ಮುನ್ನ ಇಸವಿ ನೋಡಿಕೊಳ್ಳಿ. ರಂಗಸಜ್ಜಿಕೆಯವರ ಟ್ರಂಕಿನಲ್ಲಿ ಇಂಗ್ಲಿಷ್ ಸಾಹೇಬ ಅಂದರೆ ಒಬ್ಬನೇ, ಬ್ಯಾಂಡ್‌ಸೆಟ್ಟಿನ ಕೆಂಪು ಕೋಟಿನವನು. ಅವನೇ ಕಿತ್ತೂರಿನಲ್ಲಿ ಥ್ಯಾಕರೆಯಾಗಿ ಸಾಯುತ್ತಾನೆ, ಅವನೇ ರಾಯಣ್ಣನಿಗೆ ಬೇಡಿ ಹಾಕಿಸುತ್ತಾನೆ, ಅವನೇ ನರಗುಂದಕ್ಕೂ ಬರುತ್ತಾನೆ. ಥ್ಯಾಕರೆ ಸತ್ತದ್ದು 1824ರಲ್ಲಿ. ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರಲ್ಲಿ. ವಿಕ್ಟೋರಿಯಾ ಪಟ್ಟಕ್ಕೆ ಬಂದದ್ದೇ 1837ರಲ್ಲಿ. ಆದ್ದರಿಂದ ಆ ಎರಡು ನಾಟಕಗಳಿಗೆ ವಿಕ್ಟೋರಿಯಾ ಕಾಲದ ಉಡುಪಿನ ಈ ಕೈಪಿಡಿ ತಾಗುವುದಿಲ್ಲ. 1857ರ ಹಲಗಲಿ, 1858ರ ಮುಂಡರಗಿ ಮತ್ತು ನರಗುಂದ, ಇವು ಮಾತ್ರ ನಮ್ಮ ಲೆಕ್ಕಕ್ಕೆ ಬರುತ್ತವೆ.

ಮ್ಯಾನ್ಸನ್ ಸುರೇಬಾನದಲ್ಲಿ ಬಾಬಾಸಾಹೇಬನ ಜನರ ಕೈಯಲ್ಲಿ ಸತ್ತದ್ದು 1858ರ ಮೇ 29ರ ರಾತ್ರಿ. ಆಗ ವಿಕ್ಟೋರಿಯಾ ಲಂಡನ್ನಿನಲ್ಲಿ ರಾಣಿ, ನಮಗಿನ್ನೂ ಕಂಪನಿ ಸರಕಾರ. ರಾಣಿಯ ಘೋಷಣೆ ಬಂದದ್ದು ಆ ವರ್ಷದ ನವೆಂಬರ್ 1ಕ್ಕೆ. ಹೀಗಾಗಿ "ರಾಣಿ ಸರಕಾರದ ಅಪ್ಪಣೆ!" ಎಂದು ಸಾಹೇಬ ಗುಡುಗುವ ಸಾಲನ್ನು ಕವಿಗಳಿಗೆ ಹೇಳಿ ತಿದ್ದಿಸಬೇಕು. ಬಟ್ಟೆಯ ವಿಷಯದಲ್ಲೂ ಅಷ್ಟೇ. ರಾಣಿಯ ಫೋಟೋ ನೋಡಿ ಕರಿ ಬಟ್ಟೆ ತರುವವರಿದ್ದಾರೆ. ಆಕೆ ಕರಿ ಉಟ್ಟದ್ದು 1861ರಲ್ಲಿ ಗಂಡ ತೀರಿಕೊಂಡ ಮೇಲೆ. 1858ರ ಜನವರಿಯಲ್ಲಿ ಮಗಳ ಮದುವೆಗೆ ಆಕೆ ತೊಟ್ಟದ್ದು ತಿಳಿ ನೇರಳೆ ಬಣ್ಣ, ಮತ್ತು ಆ ಕಾಲಕ್ಕೆ ಊರೆಲ್ಲ ಅದೇ ಬಣ್ಣದ ಹುಚ್ಚಿನಲ್ಲಿತ್ತು. ಪರ್ಕಿನ್ ಎಂಬ ಹದಿನೆಂಟರ ಹುಡುಗ 1856ರಲ್ಲಿ ಡಾಂಬರಿನ ಸರಕಿನಿಂದ ಆ ಬಣ್ಣ ತೆಗೆದಿದ್ದ.

ಅಳತೆಯ ನಿಯಮ

ನಮ್ಮ ಟೇಲರ್ ಅಳತೆ ಒಮ್ಮೆ ತೆಗೆದುಕೊಂಡು, ಪುಸ್ತಕದಲ್ಲಿ ಬರೆದು, ಬಟ್ಟೆಯ ಚೂರೊಂದನ್ನು ಪಿನ್ನು ಹಾಕಿ, ಬುಧವಾರ ಬರ್ರಿ ಅನ್ನುತ್ತಾನೆ. ಇಲ್ಲಿ ಆ ಪದ್ಧತಿ ನಡೆಯುವುದಿಲ್ಲ. ಸೊಂಟ ಬಿಗಿಯುವ ಕಾರ್ಸೆಟ್ ತೊಟ್ಟ ಮೇಲೆ ಸೊಂಟದ ಅಳತೆಯೇ ಬೇರೆ. ಲಂಗ ಉಬ್ಬಿಸುವ ಕ್ರಿನೊಲಿನ್ ಪಂಜರ ಕಟ್ಟಿದ ಮೇಲೆ ಲಂಗದ ಉದ್ದವೇ ಬೇರೆ. ಹಾಗಾಗಿ ಒಳಗಿನದನ್ನು ಹೊಲಿದು, ತೊಡಿಸಿ, ಅದರ ಮೇಲೆ ಟೇಪು ಹಿಡಿದು ಮುಂದಿನದನ್ನು ಕತ್ತರಿಸಬೇಕು.

"ಅಳತಿ ಒಮ್ಮಿ ತಗೊಂಡೀನಲ್ರೀ, ಮತ್ಯಾಕ?"

"ಒಳಗಿಂದು ಮುಗದ ಮ್ಯಾಲೆ ಹೊರಗಿಂದು ತಗೋಬೇಕ್ರಿ."

"ಹಂಗಾರ ಒಳಗಿಂದು ನೀವ ನೋಡ್ಕೋರಿ. ಹೊರಗಿಂದು ನಂಗ ಹೇಳ್ರಿ."

ಈ ಮಾತು ಟೇಲರ್ ಅಂಗಡಿಯಲ್ಲಿ ಒಮ್ಮೆ, ಕಮಿಟಿಯ ಮುಂದೆ ಮತ್ತೊಮ್ಮೆ ಬರುತ್ತದೆ. ಕಮಿಟಿಯವರು ಪಟ್ಟಿ ಎತ್ತಿದ ರೊಕ್ಕ ಕಾಣುವ ಬಟ್ಟೆಗೆ ಮಾತ್ರ. ಕಾಣದ ಐದು ಪದರಗಳ ಲೆಕ್ಕವನ್ನು "ಇತರೆ ಖರ್ಚು" ಎಂದು ಬರೆದುಬಿಡಿ.

ಮೈಗೆ ಹತ್ತುವ ಪದರ

ಎಲ್ಲಕ್ಕಿಂತ ಒಳಗೆ ಮೊಣಕಾಲುದ್ದದ ಸಡಿಲ ಒಳಂಗಿ: ಅಗಲ ಕೊರಳು, ಗಿಡ್ಡ ತೋಳು, ಹತ್ತಿ ಬಟ್ಟೆ. ಖಾದಿ ಭಂಡಾರದ ತೆಳು ಖಾದಿ ತನ್ನಿ. ಮೇ ತಿಂಗಳ ಸೆಖೆಗೆ ಅದಕ್ಕಿಂತ ಒಳ್ಳೆಯದು ಸಿಗದು. ದೊರೆಸಾನಿಯ ಮೈಗೆ ಮೊದಲು ತಾಗುವುದು ಖಾದಿ ಎಂದು ತಿಳಿದು ಕಮಿಟಿಯ ಹಿರಿಯರು ನಕ್ಕಾರು. ಇತಿಹಾಸದ ಮಟ್ಟಿಗೂ ಅದೇನು ದೂರದ ಮಾತಲ್ಲ. 1840ರ ದಶಕದಲ್ಲಿ ಕಂಪನಿಯವರು ಅಮೆರಿಕದ ನ್ಯೂ ಆರ್ಲಿಯನ್ಸ್ ತಳಿಯ ಹತ್ತಿಬೀಜ ತಂದು ಹಿಂದುಸ್ತಾನದ ಹಲವು ಕಡೆ ಬಿತ್ತಿಸಿ ನೋಡಿದರು. ಬೇರೆಡೆ ಕೈಕೊಟ್ಟ ಬೀಜ ಧಾರವಾಡ ಜಿಲ್ಲೆಯ ಎರೆಹೊಲಗಳಲ್ಲಿ ಹಿಡಿಯಿತು. 'ಧಾರವಾಡ್ ಅಮೆರಿಕನ್' ಎಂಬ ಹೆಸರು ಹೊತ್ತು ಆ ಅರಳೆ ಬೊಂಬಾಯಿ ದಾಟಿ ಹಡಗು ಹತ್ತಿತು. ಅಮೆರಿಕದ ಅಂತರ್ಯುದ್ಧದಲ್ಲಿ, 1861ರಿಂದ 65ರವರೆಗೆ, ಅಲ್ಲಿಯ ಹತ್ತಿ ನಿಂತಾಗ ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂತು. ಲ್ಯಾಂಕಶೈರ್ ಗಿರಣಿಯಲ್ಲಿ ಬಟ್ಟೆಯಾಗಿ ಹೊರಟದ್ದರಲ್ಲಿ ಯಾವ ಮೇಡಮ್ಮನ ಒಳಂಗಿ ಯಾವ ಹೊಲದ್ದು ಎಂದು ಯಾರು ನೋಡಿದರು!

ಅದರ ಕೆಳಗೆ ಚಲ್ಲಣ. ಮೊಣಕಾಲಿನ ಕೆಳಗಿನವರೆಗೆ ಬರುವ ಎರಡು ಕಾಲುಗಳು, ಮೇಲೆ ಒಂದೇ ಪಟ್ಟಿ, ನಡುವೆ ಹೊಲಿಗೆಯೇ ಇಲ್ಲ. ಟೇಲರ್ ಮರೆತಿದ್ದಾನೆಂದು ವಾಪಸು ಕೊಡಬೇಡಿ, ಅದು ಇರುವುದೇ ಹಾಗೆ. ಮೇಲೆ ಇಷ್ಟೆಲ್ಲ ಕಟ್ಟಿಕೊಂಡ ಹೆಂಗಸು ಹೊರಗೆ ಹೋಗಿಬರಲು ಬೇರೆ ಉಪಾಯವಿರಲಿಲ್ಲ. ನಮ್ಮ ನಟಿ ಒಳಗೆ ಲೆಗ್ಗಿಂಗ್ಸ್ ಹಾಕಿಕೊಳ್ಳುತ್ತೇನೆಂದರೆ ಬೇಡ ಎನ್ನಬೇಡಿ.

ಕಾಲುಚೀಲ, ಬೂಟು ಈಗಲೇ ಹಾಕಿಸಿ. ಕಾರ್ಸೆಟ್ ಬಿಗಿದ ಮೇಲೆ ಬಗ್ಗುವುದು ಕಷ್ಟ.

ಕಾರ್ಸೆಟ್

ಸಿನಿಮಾ ನೋಡಿದವರು ಇದನ್ನು ಹಿಂಸೆಯ ಯಂತ್ರ ಎಂದುಕೊಂಡಿದ್ದಾರೆ. 1858ರ ಕಾರ್ಸೆಟ್ ಗಿಡ್ಡನೆಯದು, ಸೊಂಟದ ಸ್ವಲ್ಪ ಕೆಳಗೇ ಮುಗಿಯುತ್ತದೆ. ಕೆಳಗೆ ಲಂಗ ಅಷ್ಟು ಹರಡಿಕೊಂಡಾಗ ಎಂಥ ಸೊಂಟವೂ ಸಣ್ಣದಾಗಿಯೇ ಕಾಣುತ್ತದೆ, ಬಿಗಿಯುವ ಅಗತ್ಯವಿಲ್ಲ. ನಮ್ಮಲ್ಲಿ ಮೈಕು ಕೈಕೊಟ್ಟರೂ ಕೊನೆಯ ಸಾಲಿನವರಿಗೆ ಡೈಲಾಗು ಕೇಳಬೇಕಾದ್ದರಿಂದ ಎರಡು ಇಂಚಿಗಿಂತ ಹೆಚ್ಚು ಬಿಗಿಯುವವರನ್ನು ಗ್ರೀನ್‌ರೂಮಿನಿಂದ ಹೊರಗೆ ಕಳಿಸಿ.

ದಪ್ಪ ಬಟ್ಟೆ ಎರಡು ಪದರ. ನಡುವೆ ಉದ್ದುದ್ದ ಸುರಂಗ ಹೊಲಿದು ಅದರಲ್ಲಿ ಕಡ್ಡಿ ತೂರಿಸಬೇಕು. ಇಂಗ್ಲೆಂಡಿನವರು ತಿಮಿಂಗಿಲದ ಬಾಯಿಯಿಂದ ತೆಗೆದದ್ದನ್ನು ಬಳಸಿದರು. ನಮಗೆ ಸಮುದ್ರ ದೂರ, ಮೇದಾರರು ಹತ್ತಿರ. ಬಿದಿರಿನ ದಬ್ಬೆಯನ್ನು ತೆಳ್ಳಗೆ ಸೀಳಿಸಿ, ತುದಿಗಳನ್ನು ಉಜ್ಜಿ ಗುಂಡಗೆ ಮಾಡಿಸಿ. ಅದು ಬೇಡವೆಂದರೆ ಎಲೆಕ್ಟ್ರಿಕ್ ಅಂಗಡಿಯ ಅಗಲ ಕೇಬಲ್ ಟೈ ಇದೆ. ಎದುರಿಗೆ ನಡುಮಧ್ಯ ನೆಟ್ಟಗೆ ನಿಲ್ಲಲು ಹನ್ನೆರಡು ಇಂಚಿನ ಉಕ್ಕಿನ ಫೂಟುಪಟ್ಟಿ ಎರಡು. ಬೆನ್ನಿನ ಲಾಡಿಗೆ ಹಿತ್ತಾಳೆ ರಿಂಗು ಬೇಕು, ಬರೀ ಕಾಜಾ ಎರಡೇ ದಿನಕ್ಕೆ ಹರಿಯುತ್ತದೆ. ತಾಡಪತ್ರಿ ಹೊಲಿಯುವವರ ಹತ್ತಿರ ಹೋಗಿ. ಏತಕ್ಕೆ ಎಂದು ಕೇಳಿದರೆ ನಾಟಕಕ್ಕೆ ಎಂದಷ್ಟೇ ಹೇಳಿ. ಈ ಭಾಗದಲ್ಲಿ ಅದಕ್ಕೆ ಮರುಪ್ರಶ್ನೆ ಇಲ್ಲ.

ಪಂಜರ

ಕ್ರಿನೊಲಿನ್ ಪಂಜರಕ್ಕೆ ಪೇಟೆಂಟ್ ಸಿಕ್ಕಿದ್ದು 1856ರಲ್ಲಿ. ಅದಕ್ಕೂ ಮುಂಚೆ ಹೆಂಗಸರು ಲಂಗ ಉಬ್ಬಲೆಂದು ಒಂದರ ಮೇಲೊಂದು ಐದಾರು ಪೆಟಿಕೋಟು ಹೊರುತ್ತಿದ್ದರು. ಉಕ್ಕಿನ ಬಳೆಗಳು ಬಂದು ಆ ಭಾರ ಇಳಿಸಿದವು. ಹಾಗಾಗಿ ಪಂಜರವನ್ನು ಬೈಯುವವರು ಅದರ ಹಿಂದಿನ ಕಥೆ ಕೇಳಿರುವುದಿಲ್ಲ.

ಉಕ್ಕು ಬೇಡ. ಹನಿ ನೀರಾವರಿಯ 16 ಮಿಲಿಮೀಟರ್ ಕರಿ ಪೈಪು ಇದಕ್ಕೆ ಹೇಳಿ ಮಾಡಿಸಿದಂತಿದೆ: ಹಗುರ, ಬಾಗುತ್ತದೆ, ಬಿಟ್ಟರೆ ತಾನೇ ದುಂಡಗಾಗುತ್ತದೆ, ಜೋಡಿಸಲು ಜಾಯಿನರ್ ಇದೆ. ಮೇಲಿನಿಂದ ಕೆಳಕ್ಕೆ ಐದು ಬಳೆ: 55, 75, 90, 100, 110 ಇಂಚು ಸುತ್ತಳತೆ. ಹನ್ನೆರಡು ಮೀಟರು ಪೈಪು ಸಾಕು. ಮಂಚದ ನವಾರದ ಆರು ಪಟ್ಟಿಗಳನ್ನು ಸೊಂಟಪಟ್ಟಿಯಿಂದ ಇಳಿಬಿಟ್ಟು ಬಳೆಗಳನ್ನು ಅವಕ್ಕೆ ಕಟ್ಟಿ. ಕಡೆಯ ಬಳೆ ನೆಲದಿಂದ ಒಂದು ಗೇಣು ಮೇಲಿರಲಿ, ಇಲ್ಲವಾದರೆ ಕಾಲು ಅದರೊಳಗೆ ಹೋಗಿ ದೊರೆಸಾನಿ ಮುಗ್ಗರಿಸುತ್ತಾಳೆ.

ಮೂರು ಎಚ್ಚರಿಕೆ. ಕೈ ಇರುವ ಪ್ಲಾಸ್ಟಿಕ್ ಕುರ್ಚಿ ವೇದಿಕೆಯಲ್ಲಿ ಇಡಬೇಡಿ; ಸ್ಟೂಲು ಇಡಿ, ಕೂರುವಾಗ ಹಿಂದಿನ ಬಳೆ ಸ್ವಲ್ಪ ಎತ್ತಲು ಕಲಿಸಿ. ತಪ್ಪಿದರೆ ಮುಂದಿನ ಬಳೆ ಮುಖದವರೆಗೂ ಏಳುತ್ತದೆ. ಎರಡನೆಯದು ಗಾಳಿ. ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರ ಸುಮ್ಮನೆ ನೆಟ್ಟಿಲ್ಲ. ಬಯಲು ರಂಗಮಂದಿರದಲ್ಲಿ ಪಂಜರ ಕೊಡೆಯ ಹಾಗೆ ಮಗುಚುವುದುಂಟು. ಚಲ್ಲಣ ಬೇಕೇಬೇಕು ಎನ್ನುವುದು ಇದಕ್ಕೇ. ಮೂರನೆಯದು ನಗುವ ವಿಷಯವಲ್ಲ. ಕ್ರಿನೊಲಿನ್ ತೊಟ್ಟವರಿಗೆ ಬೆಂಕಿ ತಮ್ಮ ಲಂಗದ ಅಂಚಿಗೆ ಬಂದದ್ದೇ ಗೊತ್ತಾಗುತ್ತಿರಲಿಲ್ಲ, ಒಳಗಿನ ಗಾಳಿ ಅದನ್ನು ಮೇಲಕ್ಕೆಳೆಯುತ್ತಿತ್ತು. ಹಾಗೆ ಸುಟ್ಟು ಸತ್ತವರು ಬಹಳ. ಬರೀ ಪಂಜರದ ಮಾತೂ ಅಲ್ಲ, ಆ ಕಾಲದ ತೆಳು ಬಟ್ಟೆಗೇ ಬೆಂಕಿ ಬೇಗ. ಅಮೆರಿಕದ ಕವಿ ಲಾಂಗ್‌ಫೆಲೋನ ಹೆಂಡತಿ ಫ್ಯಾನಿ 1861ರಲ್ಲಿ ಮನೆಯೊಳಗೇ ಬಟ್ಟೆಗೆ ಬೆಂಕಿ ಹತ್ತಿ ತೀರಿಕೊಂಡಳು. ಸುರೇಬಾನದ ದೃಶ್ಯದಲ್ಲಿ ಪಂಜು ಹಿಡಿಯುವವರನ್ನು ರಂಗದ ಆ ಬದಿಗೆ, ದೊರೆಸಾನಿಯನ್ನು ಈ ಬದಿಗೆ ನಿಲ್ಲಿಸಿ. ಪಂಜಿನ ಬದಲು ಬ್ಯಾಟರಿ ಕೊಟ್ಟರೆ ಇನ್ನೂ ಒಳ್ಳೆಯದು.

ಕಾಣುವ ಬಟ್ಟೆ

ಪಂಜರದ ಮೇಲೆ ಒಂದು ಪೆಟಿಕೋಟು ಇರಲಿ. ಇಲ್ಲವಾದರೆ ಬಳೆಗಳು ಎಣಿಸುವಷ್ಟು ಎದ್ದು ಕಾಣುತ್ತವೆ. ಅದರ ಮೇಲೆ ಲಂಗ, ಮತ್ತು ಇಲ್ಲಿ ನಮ್ಮೂರಿಗೆ ಅದೃಷ್ಟ ಖುಲಾಯಿಸಿದೆ.

1850ರ ದಶಕದಲ್ಲಿ ವಿಕ್ಟೋರಿಯಾ ಸ್ಕಾಟ್ಲೆಂಡಿನ ಬಾಲ್ಮೊರಲ್‌ನಲ್ಲಿ ಮನೆ ಮಾಡಿದ ಮೇಲೆ ಚೌಕಡಿ ಬಟ್ಟೆಯೇ ಬಟ್ಟೆ. ಅಂಚು ಕೆಳಗೆ ಬರುವಂತೆ ನೇಯ್ದ ಲಂಗದ ಬಟ್ಟೆಯೂ ಆಗಿನ ಶೋಕಿ. ಚೌಕಡಿ ಮೈ, ಅಗಲ ಅಂಚು, ಹತ್ತಿ ನೂಲು: ಗಜೇಂದ್ರಗಡದ ಪಟ್ಟೇದಂಚು ಸೀರೆ. ಅದನ್ನು ಅಡ್ಡಕ್ಕೆ ಹಿಡಿಯಿರಿ. ಸೀರೆಯ ಉದ್ದ ಲಂಗದ ಸುತ್ತಾಗುತ್ತದೆ, ಸುಮಾರು 216 ಇಂಚು. ಪನ್ನ ಲಂಗದ ಉದ್ದವಾಗುತ್ತದೆ. ಕೆಳಗೆ ಅಂಚು ತಾನಾಗಿಯೇ ಬಂದಿರುತ್ತದೆ, ಹೆಮ್ಮಿಂಗ್ ಕೂಡ ಬೇಡ. ಮೇಲೆ ಹೆಚ್ಚಾದದ್ದನ್ನು ಒಳಕ್ಕೆ ಮಡಚಿ, ದಪ್ಪ ದಾರದಿಂದ ಎರಡು ಸಾಲು ಸಮಸಮ ಟಾಕಿ ಹಾಕಿ ಎಳೆದು ಸಣ್ಣ ನೆರಿಗೆ ಮಾಡಿ ಸೊಂಟಪಟ್ಟಿಗೆ ಹೊಲಿಯಿರಿ. ಕತ್ತರಿ ಮಾತ್ರ ಮುಟ್ಟಿಸಬೇಡಿ, ಕಾರಣ ಕೊನೆಗಿದೆ.

ಮೇಲಿನ ಕುಪ್ಪಸಕ್ಕೆ ಗುಳೇದಗುಡ್ಡದ ಖಣ ಹಾಕಿಸೋಣ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇಡ. ಖಣ ಕಂಡೊಡನೆ ಪ್ರೇಕ್ಷಕರಿಗೆ ತಮ್ಮ ಅವ್ವ ನೆನಪಾಗುತ್ತಾಳೆ, ಸಾಹೇಬನ ಹೆಂಡತಿ ಮಾಯವಾಗುತ್ತಾಳೆ. ಸಾದಾ ನೇರಳೆ ಬಟ್ಟೆ, ಒಳಗೆ ಅಸ್ತರು, ಕೊರಳವರೆಗೆ ಮುಚ್ಚಿ ಎದುರಿಗೆ ಹುಕ್ಕು. ಭುಜದ ಹೊಲಿಗೆ ಬೆನ್ನಿನ ಕಡೆಗೆ ಸರಿದಿರಬೇಕು, ತೋಳು ಭುಜದಿಂದ ಕೆಳಗೆ ಜಾರಿ ಕೂಡಬೇಕು. ಟೇಲರನಿಗೆ ಇದು ಕೆಟ್ಟ ಕಟಿಂಗ್ ಅನ್ನಿಸಿ ತಾನಾಗಿಯೇ ಸರಿಮಾಡಲು ಹೋಗುತ್ತಾನೆ, ಪಕ್ಕದಲ್ಲೇ ಕೂತಿರಿ. ಪೈಪಿಂಗ್ ವಿಷಯ ಅವನಿಗೇ ಬಿಡಿ, ಅದರಲ್ಲಿ ಲಂಡನ್ನಿನವರಿಗೂ ಪಾಠ ಹೇಳುವಷ್ಟು ಕೈ ಪಳಗಿದೆ. ಮೊಣಕೈಯಿಂದ ಅಗಲವಾಗುವ ತೋಳು, ಅದರೊಳಗೆ ಬಿಳಿ ಒಳತೋಳು. ಬಿಳಿ ಕಾಲರು ಬೇರೆ ಮಾಡಿ ಟಾಕಿ ಹಾಕಿ, ಮೇಕಪ್ಪು ಹತ್ತಿದರೆ ಬಿಚ್ಚಿ ಒಗೆಯಬಹುದು. ಮಷಿನ್ ಹೊಲಿಗೆ ಆ ಕಾಲಕ್ಕೆ ಸಲ್ಲದು ಎಂಬ ಶುದ್ಧರಿಗೆ, ಸಿಂಗರ್ ತನ್ನ ಮಷಿನ್ನಿಗೆ ಪೇಟೆಂಟ್ ಪಡೆದದ್ದು 1851ರಲ್ಲಿ ಎಂದು ಹೇಳಿ ಕಳಿಸಿ.

ಕೂದಲು ನಡುಬೈತಲೆ, ಕೆಳಗೆ ತುರುಬು. ನಮ್ಮ ಹೆಣ್ಣುಮಕ್ಕಳಿಗೆ ಕಲಿಸಬೇಕಾಗಿಲ್ಲ.

ಸಾಹೇಬನಿಗೆ

ಮ್ಯಾನ್ಸನ್ ಪೊಲಿಟಿಕಲ್ ಏಜೆಂಟ್. ಬ್ಯಾಂಡಿನವರ ಕೋಟು ಬೇಡ. ಬಾಬಾಸಾಹೇಬನ ಜನ ಮುತ್ತಿದಾಗ ಪಲ್ಲಕ್ಕಿಯಲ್ಲಿ ಮಲಗಿದ್ದನಾದ್ದರಿಂದ ಅಂಗಿ, ಪ್ಯಾಂಟು ಸಾಕು. ಆದರೆ ಟೊಪ್ಪಿಗೆ ಇಲ್ಲದ ಸಾಹೇಬನನ್ನು ನಮ್ಮ ಜನ ಸಾಹೇಬ ಎಂದು ಒಪ್ಪುವುದಿಲ್ಲ. ಪಲ್ಲಕ್ಕಿಯಲ್ಲೇ ತಲೆಯ ಪಕ್ಕ ಒಂದು ಇಡಿ. ಆಮೇಲೆ ನರಗುಂದದ ಕೆಂಪಗಸಿಗೆ ಅವನ ರುಂಡ ತೂಗುಹಾಕುವ ದೃಶ್ಯಕ್ಕೂ ಅದು ಗುರುತಿಗೆ ಬರುತ್ತದೆ. ಅಂಗಿಗೆ ಹತ್ತಿದ ಬಣ್ಣವನ್ನು ಅದೇ ರಾತ್ರಿ ತಣ್ಣೀರಲ್ಲಿ ನೆನೆಹಾಕಿ.

ನಾಟಕ ಮುಗಿದ ಮೇಲೆ

ಬಿಚ್ಚುವುದು ಹೊರಗಿನಿಂದ ಒಳಕ್ಕೆ. ಕುಪ್ಪಸವನ್ನು ಮುಂದಿನ ವರ್ಷಕ್ಕೆ ಇಡಿ. ಲಂಗದ ಟಾಕಿ ಬಿಚ್ಚಿ ನೀರಲ್ಲಿ ಅದ್ದಿ ಒಣಗಿಸಿದರೆ ಸೀರೆ ಮತ್ತೆ ಸೀರೆಯೇ. ಕೊಟ್ಟ ಮನೆಗೆ ಇಸ್ತ್ರಿ ಮಾಡಿಸಿ ತಿರುಗಿಸಿ. ಖಾದಿ ಒಳಂಗಿಯನ್ನು ನಟಿ ಇಟ್ಟುಕೊಳ್ಳಲಿ, ಬೇಸಿಗೆಗೆ ಬರುತ್ತದೆ. ಫೂಟುಪಟ್ಟಿಗಳು ಶಾಲೆಯವು, ಜೂನಿಗೆ ಬೇಕಾಗುತ್ತವೆ. ಪೈಪು ಮೆಣಸಿನಕಾಯಿ ಹೊಲದ್ದಾಗಿದ್ದರೆ ಮಳೆಗಾಲಕ್ಕೆ ಮೊದಲೇ ಜಾಯಿನರ್ ಸಮೇತ ಒಯ್ದು ಕೊಡಿ, ಐದು ತುಂಡಾದದ್ದನ್ನು ನೀವೇ ಮೊದಲು ಹೇಳಿಬಿಡಿ.

ಉಳಿಯುವುದು ಕಾರ್ಸೆಟ್ಟು. ಅದು ಯಾರ ಮನೆಗೂ ಬೇಡ. ಕಮಿಟಿಯ ಟ್ರಂಕಿನಲ್ಲಿ ತಳಕ್ಕೆ ಹಾಕಿ, ದಾಸ್ತಾನು ಪುಸ್ತಕದಲ್ಲಿ "ದೊರೆಸಾನಿಯ ಒಳಸಾಮಾನು, ಒಂದು" ಎಂದು ಬರೆಯಿಸಿ, ಖಜಾಂಚಿಯ ಸಹಿ ತೆಗೆದುಕೊಳ್ಳಿ.