ದೊಡ್ಡ ಕರುಳು: ಬಳಕೆದಾರರ ಕೈಪಿಡಿ

ಅಭಿನಂದನೆಗಳು. ಸುಮಾರು ಒಂದೂವರೆ ಮೀಟರ್ ಉದ್ದದ ದೊಡ್ಡ ಕರುಳಿಗೆ ನೀವು ಮಾಲೀಕರು. ಉಪಕರಣ ಹುಟ್ಟುವಾಗಲೇ ಬಂದಿತ್ತು, ಕೈಪಿಡಿ ಈಗ ಬರುತ್ತಿದೆ. ತಡವಾದದ್ದಕ್ಕೆ ವಿಷಾದಿಸುತ್ತೇವೆ.

ಒಳಗೇನಿದೆ? 2016ರ ಲೆಕ್ಕದಂತೆ ಮೈಯಲ್ಲಿರುವ ಬ್ಯಾಕ್ಟೀರಿಯಾ ಸುಮಾರು 38 ಲಕ್ಷ ಕೋಟಿ, ಬಹುಪಾಲು ಇಲ್ಲೇ. ಎಣಿಸಿ ಕಡಿಮೆ ಬಂದರೆ ಬದಲಿ ಕೊಡುವುದಿಲ್ಲ.

ಕೆಲಸ ಮಾಡುವ ರೀತಿ. ಬಸ್ಸಿನ ಕಿಟಕಿಯಿಂದ ಟವಲ್ ಹಾಕಿ ಸೀಟು ಹಿಡಿಯುತ್ತಾರಲ್ಲ, ಕರುಳಿನಲ್ಲೂ ಅದೇ ವ್ಯವಹಾರ. ಮೊದಲೇ ಕೂತವು ಏಳುವುದಿಲ್ಲ. ರೋಗ ತರುವ ಸಾಲ್ಮೊನೆಲ್ಲಾ ಹತ್ತಿದರೂ ಜಾಗವಿಲ್ಲ, ಊಟವೂ ಇಲ್ಲ. ಸಾಲದ್ದಕ್ಕೆ ಲ್ಯಾಕ್ಟೋಬ್ಯಾಸಿಲಸ್‌ಗಳು ಲ್ಯಾಕ್ಟಿಕ್ ಆಮ್ಲ ಬಿಟ್ಟು ಸುತ್ತಲೆಲ್ಲ ಹುಳಿ ಮಾಡುತ್ತವೆ. ಕೆಲವಂತೂ ಬ್ಯಾಕ್ಟೀರಿಯೋಸಿನ್ ಎಂಬ ಪ್ರೋಟೀನು ತಯಾರಿಸಿ ಪಕ್ಕದವನ್ನು ಕೊಂದೇಬಿಡುತ್ತವೆ. ಒಳ್ಳೆಯವು ಎಂದು ಹೆಸರಿಟ್ಟವರು ನಾವು, ಅವೇನೂ ಸಾಧುಗಳಲ್ಲ.

ಹಳೆಯ ಮಾದರಿಯೊಂದರ ಕಥೆ ಕೇಳಿ. 1917, ಮೊದಲ ಮಹಾಯುದ್ಧ. ಜೊತೆಗಿದ್ದವರು ಭೇದಿಯಿಂದ ನೆಲ ಹಿಡಿದಾಗ ಒಬ್ಬ ಸೈನಿಕ ಮಾತ್ರ ಗಟ್ಟಿಮುಟ್ಟಾಗಿದ್ದ. ಜರ್ಮನಿಯ ಫ್ರೈಬುರ್ಗ್‌ನ ವೈದ್ಯ ಆಲ್ಫ್ರೆಡ್ ನಿಸ್ಲೆ ಅವನ ಮಲದಿಂದ ಇ. ಕೋಲಿ ಬ್ಯಾಕ್ಟೀರಿಯಾದ ತಳಿಯೊಂದನ್ನು ಬೇರ್ಪಡಿಸಿ ಕ್ಯಾಪ್ಸೂಲಿಗೆ ತುಂಬಿದ. ಅದೇ ತಳಿಯ ಔಷಧಿ ಇವತ್ತಿಗೂ ಮಾರಾಟದಲ್ಲಿದೆ. ಸಾಲ್ಮೊನೆಲ್ಲಾಗೆ ಬೇಕಾದ ಕಬ್ಬಿಣವನ್ನು ಈ ತಳಿ ಕಿತ್ತುಕೊಳ್ಳುತ್ತದೆಂದು ಇಲಿಗಳಲ್ಲಿ ಕಂಡಿದ್ದಾರೆ.

ಇಲ್ಲಿ ಮುಖ್ಯವಾದದ್ದು ತಳಿ. ಒಡಿಶಾದ ಹಳ್ಳಿಗಳಲ್ಲಿ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ನವಜಾತ ಶಿಶುಗಳ ಮೇಲೆ ನಡೆದ ಅಧ್ಯಯನ 2017ರಲ್ಲಿ ಪ್ರಕಟವಾಯಿತು: ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್‌ನ ಒಂದು ತಳಿಯನ್ನು ಅದಕ್ಕೆ ಬೇಕಾದ ಆಹಾರದ ಜೊತೆ ಒಂದು ವಾರ ಕುಡಿಸಿದ್ದರಿಂದ ನಂಜು ಮತ್ತು ಸಾವು ಒಟ್ಟಾರೆ ಶೇ. 40ರಷ್ಟು ಇಳಿದವು. ಹಾಗೆಂದು ಒಳ್ಳೆಯ ಬ್ಯಾಕ್ಟೀರಿಯಾ ತುಂಬಿದ, ಪ್ರೋಬಯಾಟಿಕ್ ಎಂಬ ಅಂಗಡಿಯ ಯಾವ ಡಬ್ಬಿಯಾದರೂ ಆದೀತು ಎಂದುಕೊಳ್ಳಬೇಡಿ.

ಎಚ್ಚರಿಕೆ: ಹೋದ ಸಲ ಉಳಿದ ಎರಡು ಆ್ಯಂಟಿಬಯಾಟಿಕ್ ಮಾತ್ರೆಯನ್ನು ನೆಗಡಿಗೆಂದು ನುಂಗಬೇಡಿ. ನೆಗಡಿ ಹೋಗುವುದಿಲ್ಲ, ಸೀಟುಗಳು ಮಾತ್ರ ಖಾಲಿಯಾಗುತ್ತವೆ. ಭೇದಿ ತರುವ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸೀಲ್ ಎಂಬ ಬ್ಯಾಕ್ಟೀರಿಯಾ ಕಾಯುತ್ತಿರುವುದೇ ಅದಕ್ಕೆ. ಆಮೇಲೆ ಪ್ರೋಬಯಾಟಿಕ್ ನುಂಗಿ ಸರಿಮಾಡಿಕೊಳ್ಳುತ್ತೇನೆ ಎನ್ನುವವರಿಗೆ: 2018ರ ಇಸ್ರೇಲಿನ ಅಧ್ಯಯನವೊಂದರಲ್ಲಿ, ಹಾಗೆ ನುಂಗಿದವರ ಸ್ವಂತ ಬ್ಯಾಕ್ಟೀರಿಯಾ ಮರಳಿ ಬರುವುದು ಇನ್ನೂ ತಡವಾಯಿತು.

ಇಂಧನ: ಹುರುಳಿ, ರಾಗಿ, ಬಾಳೆದಿಂಡು, ಸೊಪ್ಪು. ಈ ನಾರನ್ನು ಹುದುಗಿಸಿ ಬ್ಯಾಕ್ಟೀರಿಯಾ ಬ್ಯುಟಿರೇಟ್ ಮಾಡುತ್ತವೆ; ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಅದೇ ಮುಖ್ಯ ಊಟ. ಶಬ್ದ ಬಂದರೆ ಉಪಕರಣ ಕೆಟ್ಟಿದೆ ಎಂದಲ್ಲ, ನಡೆಯುತ್ತಿದೆ ಎಂದರ್ಥ. ಮೊಸರು ಧಾರಾಳವಾಗಿ ತಿನ್ನಿ. ಆದರೆ ಮಜ್ಜಿಗೆಹುಳಿ ಕುದಿಸಿ ಪ್ರೋಬಯಾಟಿಕ್ ತಿಂದೆ ಎಂದು ಬೀಗಬೇಡಿ. ಕುದಿದದ್ದರಲ್ಲಿ ಉಳಿಯುವುದು ರುಚಿಯೊಂದೇ.

ಸರ್ವೀಸ್: ಭೇದಿಯಲ್ಲಿ ರಕ್ತ ಕಂಡರೆ, ಜ್ವರ ಬಿಡದಿದ್ದರೆ, ಮೂತ್ರ ಕಡಿಮೆಯಾದರೆ ಓಆರ್‌ಎಸ್ ಕುಡಿಯುತ್ತ ವೈದ್ಯರ ಬಳಿ ಹೋಗಿ. ತಿಂಗಳು ತುಂಬದೆ ಹುಟ್ಟಿದ ಮಗುವಿಗೆ, ರೋಗನಿರೋಧಕ ಶಕ್ತಿ ಕುಂದಿದವರಿಗೆ ವೈದ್ಯರನ್ನು ಕೇಳದೆ ಯಾವ ಪ್ರೋಬಯಾಟಿಕ್ಕೂ ಕೊಡಬೇಡಿ.