ಮಾರಮ್ಮನ ಜಾತ್ರೆಯಲ್ಲಿ ಸೈತಾನ

ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರದಲ್ಲಿ ಮಾರಮ್ಮನ ಜಾತ್ರೆ. ಬೆಂಗಳೂರಿಂದ ಬಂದ ಮೊಮ್ಮಗ ಮುಖಕ್ಕೆ ಬಿಳಿ, ಕಣ್ಣಿನ ಸುತ್ತ ಕಪ್ಪು ಬಳಿದು ನಿಂತಿದ್ದ.

“ಏನ್ಲಾ ಇದು, ಯಾವ ನಾಟಕದ ಪಾರ್ಟು?”

“ಬ್ಲ್ಯಾಕ್ ಮೆಟಲ್ ತಾತ. ಸೈತಾನನ ಸಂಗೀತ. 1992ರಲ್ಲಿ ನಾರ್ವೆಯಲ್ಲಿ ಚರ್ಚುಗಳಿಗೇ ಬೆಂಕಿ ಇಟ್ರು.”

“ಪೊಲೀಸ್ರು ಬಿಟ್ರಾ?”

“ಬರ್ಜಮ್ ಬ್ಯಾಂಡಿನ ವರ್ಗ್ ವಿಕರ್ನೆಸ್‌ಗೆ ಕೊಲೆ, ಬೆಂಕಿ ಎಲ್ಲಾ ಸೇರಿ 1994ರಲ್ಲಿ 21 ವರ್ಷ ಶಿಕ್ಷೆ ಆಯ್ತು. ಜೈಲಲ್ಲೇ ಎರಡು ಆಲ್ಬಮ್ ಮಾಡಿದ.”

“ಸೈತಾನ ಜಾಮೀನು ಕೊಡಿಸ್ಲಿಲ್ವಾ?”

ಮೊಮ್ಮಗ ಉತ್ತರದ ಬದಲು ಫೋನಿನಲ್ಲಿ ಡಾರ್ಕ್‌ಥ್ರೋನ್ ಬ್ಯಾಂಡಿನ ಹಾಡು ಹಚ್ಚಿದ. ಕರಕರ ಸದ್ದು.

“ಟೇಪು ಹಾಳಾಗೈತೆ ಕಣ್ಲಾ.”

“ಬೇಕಂತ್ಲೇ ಹಂಗೆ ತಾತ. ಮನೇಲಿ, ನಾಲ್ಕು ಟ್ರ್ಯಾಕಿನ ಮಷೀನಲ್ಲಿ ಮಾಡಿದ್ದು.”

ತಾತ ಉರುಮೆ ಹೆಗಲಿಗೇರಿಸಿ, ಬಾಗಿದ ಕಡ್ಡಿಯಿಂದ ಚರ್ಮವನ್ನು ಉಜ್ಜಿದ. ನೆಲದೊಳಗಿಂದ ಯಾರೋ ನರಳಿದಂಥ ನಾದ. ಮೊಮ್ಮಗ ಎರಡು ಹೆಜ್ಜೆ ಹಿಂದೆ ಸರಿದ.

“ತಾತ, ಬಲಿ ಇರುತ್ತಾ?”

“1959ರ ಕಾನೂನೈತೆ, ಇರಂಗಿಲ್ಲ. ಮೊದ್ಲು ಮುಖ ತೊಳ್ಕೋ. ನಾಳೆ ಮೊಳಕಾಲ್ಮೂರಿಗೆ ಹೆಣ್ಣು ನೋಡಾಕೆ ಹೋಗ್ಬೇಕು. ರೇಷ್ಮೆ ನೇಯೋ ಮನೆ, ಬಣ್ಣದ ವಿಷಯ್ದಾಗೆ ಬಲು ಕಟ್ಟುನಿಟ್ಟು.”

ಸೈತಾನ ಬೋರ್‌ವೆಲ್ ಕಡೆ ನಡೆದ.

ಕಾನೂನಿನ ಮಾತು ಬಂತಲ್ಲ, ಕರ್ನಾಟಕದ ವಾಮಾಚಾರ ವಿರೋಧಿ ಕಾಯ್ದೆಯೂ 2020ರ ಜನವರಿಯಿಂದ ಜಾರಿಯಲ್ಲಿದೆ. ಅದರಲ್ಲೆಲ್ಲೂ ಗಿಟಾರಿನ ಹೆಸರಿಲ್ಲ. ನಮ್ಮ ಹುಡುಗರು ನಿಶ್ಚಿಂತೆಯಿಂದ ಕಿರುಚಬಹುದು.